ಬಾಲ್ಯದ ಸ್ವರಚಿತ್ರಗಳು: ಪಿಯಾನೊದಿಂದ ವಾದ್ಯಮೇಳಕ್ಕೆ

ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಹತ್ತೊಂಬತ್ತನೆಯ ಶತಮಾನವು ಪಿಯಾನೊದ ಯುಗವೆಂದೇ ಪ್ರಸಿದ್ಧವಾಗಿದೆ. ಒಂದೆರಡು ನಿಮಿಷಗಳಲ್ಲಿ ಮುಗಿಯುವ ಕಿರುರಚನೆಗಳು ಆ ಕಾಲದಲ್ಲಿ ಯೂರೋಪಿನ ಅನೇಕ ಮನೆಗಳನ್ನು ಸೇರಿದವು. ಅವುಗಳಲ್ಲಿ ಬಾಲ್ಯವನ್ನೇ ವಸ್ತುವಾಗಿ ಉಳ್ಳವುಗಳಿಗೆ ವಿಶೇಷ ಸ್ಥಾನವುಂಟು. ಇವು ಹಲವರು ಕೂಡಿ ನುಡಿಸುವ ಮೇಳಕ್ಕೆ ಬಂದ ಬಗೆಯು ಪಿಯಾನೊ ಕಾಣದ ನಮ್ಮ ಹಳ್ಳಿಗಳಿಗೂ ಪಾಠವಾಗಬಲ್ಲದು.

ಜರ್ಮನಿಯ ರಾಬರ್ಟ್ ಶೂಮನ್ ಅವರು 1838ರಲ್ಲಿ ‘ಬಾಲ್ಯದ ದೃಶ್ಯಗಳು’ ಎಂಬ 13 ರಚನೆಗಳ ಮಾಲೆಯನ್ನು ಬರೆದರು. ಬೆಳೆದವರು ತಮ್ಮ ಎಳೆತನವನ್ನು ನೆನೆಯುವ ಚಿತ್ರಗಳಿವು. ಮಕ್ಕಳ ಬೆರಳುಗಳಿಗೆ ಒಗ್ಗುವ ಬೇರೊಂದು ಪುಸ್ತಕವನ್ನು ಅವರು ತಂದೆಯಾದ ಬಳಿಕ, 1848ರಲ್ಲಿ ರಚಿಸಿದರು.

ಫ್ರಾನ್ಸಿನ ಝಾರ್ಜ್ ಬಿಜೆ 1871ರಲ್ಲಿ, ಇಬ್ಬರು ಒಂದೇ ಪಿಯಾನೊದ ಮುಂದೆ ಕುಳಿತು ನುಡಿಸಲೆಂದು ‘ಮಕ್ಕಳ ಆಟಗಳು’ ಎಂಬ 12 ರಚನೆಗಳನ್ನು ಬರೆದರು. ವಾದ್ಯವೃಂದಕ್ಕೆ ಅಳವಡಿಸುವಾಗ ಬುಗುರಿ, ಬೊಂಬೆಯ ಜೋಗುಳ ಮುಂತಾದ ಐದನ್ನು ಮಾತ್ರ ಆರಿಸಿ ಚಿಕ್ಕ ಮಾಲೆಯನ್ನಾಗಿಸಿದರು. ಅದೇ ದೇಶದ ಮಾರಿಸ್ ರವೆಲ್ ಅಜ್ಜಿಕಥೆಗಳನ್ನು ಆಧರಿಸಿದ ತಮ್ಮ ಮಾಲೆಯನ್ನು 1910ರಲ್ಲಿ ಇಬ್ಬರು ಬಾಲಕಿಯರಿಂದ ಪಿಯಾನೊದಲ್ಲಿ ನುಡಿಸಿಸಿ, ಮರುವರ್ಷವೇ ವಾದ್ಯವೃಂದಕ್ಕೆ ತಂದರು. ಅದರಲ್ಲಿ ಸುಂದರಿಯ ಮಾತನ್ನು ಕ್ಲಾರಿನೆಟ್ಟಿಗೂ, ಮೃಗದ ಗಡಸು ದನಿಯನ್ನು ಬಸೂನ್ ಜಾತಿಯ ಅತಿಮಂದ್ರ ವಾದ್ಯಕ್ಕೂ ಒಪ್ಪಿಸಿದರು. ಹತ್ತು ಬೆರಳುಗಳಲ್ಲಿ ಅಡಗಿರುವ ದನಿಗಳನ್ನು ಗುರುತಿಸಿ, ತಕ್ಕ ವಾದ್ಯಕ್ಕೆ ವಹಿಸುವುದೇ ಅಳವಡಿಕೆಯ ಮರ್ಮವೆಂದು ಇದರಿಂದ ತಿಳಿಯುತ್ತದೆ.

ಕನ್ನಡ ನಾಡಿಗೂ ಪಿಯಾನೊ ಅಪರಿಚಿತವಲ್ಲ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಬಲ್ಲವರು. ಲಂಡನ್ನಿನ ಫಿಲ್ಹಾರ್ಮೋನಿಯ ಸಂಗೀತ ಸಂಘಕ್ಕೆ 1948ರಲ್ಲಿ ಪ್ರಥಮ ಅಧ್ಯಕ್ಷರಾದವರು. ಆದರೆ ಅರಮನೆಯ ಭಾಗ್ಯ ಬೇರೆ, ಹಳ್ಳಿಯ ಸ್ಥಿತಿ ಬೇರೆ. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಸೀಮೆಯಲ್ಲಿ ಭಜನೆಗೂ ನಾಟಕಕ್ಕೂ ಒದಗಿದ ಮನೆಮಾತಿನ ವಾದ್ಯ ಹಾರ್ಮೋನಿಯಂ. ಆಕಾಶವಾಣಿಯು 1940ರಿಂದ 1971ರವರೆಗೆ ದೂರವಿಟ್ಟರೂ ಜನರು ಅದನ್ನು ಬಿಡಲಿಲ್ಲ.

ದೇವಾಲಯದೊಳಗೆ ಪಿಯಾನೊ ಸಲ್ಲದೆಂದು ಪರಮಪೂಜ್ಯ ಹತ್ತನೆಯ ಪಯಸ್ ಜಗದ್ಗುರುಗಳು 1903ರ ನವೆಂಬರ್ 22ರಂದು ವಿಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿನ ಗೌರವವನ್ನು ಎತ್ತಿಹಿಡಿದು, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಅವಕಾಶವಿತ್ತಿತು. ಹೇಗಿದ್ದರೂ ಶೂಮನ್ನರ ಬಾಲ್ಯಚಿತ್ರಗಳಿಗೆ ಒಪ್ಪುವ ತಾಣ ಶಾಲೆಯ ಸಭಾಂಗಣವೇ ಸರಿ.

ಅವರ ಮಾಲೆಯ ಏಳನೆಯದಾದ ‘ಕನಸು’ ನಮ್ಮ ಗಾಯನವೃಂದದ ನಾಲ್ಕು ದನಿಗಳಂತೆಯೇ ಹೆಣೆದುಕೊಂಡಿದೆ. ಮೇಲಿನ ದನಿಯನ್ನು ವಯೊಲಿನ್ನಿಗೂ, ಅದಕ್ಕೆ ಓಗೊಡುವ ದನಿಯನ್ನು ಕೊಳಲಿಗೂ, ಉಳಿದೆರಡನ್ನು ಹಾರ್ಮೋನಿಯಮ್ಮಿಗೂ ಕೊಡಬಹುದು. ಪಿಯಾನೊದ ನಾದ ಹುಟ್ಟಿದೊಡನೆ ಕರಗತೊಡಗುತ್ತದೆ. ಹಾರ್ಮೋನಿಯಮ್ಮಿನದು ಗಾಳಿಯಿರುವವರೆಗೂ ನಿಲ್ಲುತ್ತದೆ. ಆದುದರಿಂದ ತಿದಿಯನ್ನು ಮೃದುವಾಗಿ ಒತ್ತಿ, ಸ್ವರಗುಚ್ಛದ ಕೊನೆಯಲ್ಲಿ ಬೆರಳನ್ನು ಬೇಗನೆ ಎತ್ತಬೇಕು. ತಾಳವಾದ್ಯ ಇಲ್ಲಿ ಬೇಡ. ಬಿಜೆಯವರಂತೆ ಕೆಲವನ್ನೇ ಆರಿಸಿಕೊಂಡರೆ ಸಾಕು.

ಒಬ್ಬರ ಏಕಾಂತದ ನೆನಪು ಹೀಗೆ ಹಲವು ಮಕ್ಕಳ ಕೂಡುಗೆಲಸವಾಗುತ್ತದೆ. ತನ್ನ ದನಿಯನ್ನು ಕಾಯ್ದುಕೊಂಡು ನೆರೆಯವನ ದನಿಗೆ ಕಿವಿಗೊಡುವುದನ್ನು ಮಗುವು ಇದರಿಂದ ಕಲಿಯುತ್ತದೆ. ಪಿಯಾನೊ ಕೊಳ್ಳುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಈ ಸಂಪತ್ತು ನಮ್ಮ ಮಕ್ಕಳಿಗೆ ತಪ್ಪಿಹೋಗಬಾರದು.