ರಕ್ತದ ಆಕರಕೋಶ ಸಂಶೋಧನೆ: ಕರ್ನಾಟಕದ ಇತಿಹಾಸ

ಮೂಳೆಮಜ್ಜೆಯಲ್ಲಿ ನೆಲೆಸಿ ಜೀವಮಾನವಿಡೀ ಎಲ್ಲ ಬಗೆಯ ರಕ್ತಕಣಗಳನ್ನೂ ಹುಟ್ಟಿಸುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಭ್ರೂಣದಲ್ಲಿ ಹೇಗೆ ಮೂಡುತ್ತವೆ, ರೋಗದಲ್ಲಿ ಹೇಗೆ ಹದಗೆಡುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮತ್ತು ತಿದ್ದಿದ ಕೋಶಗಳ ಮೂಲಕ ಅರಿಯುವ ಅಧ್ಯಯನವೇ ರಕ್ತದ ಆಕರಕೋಶ ಸಂಶೋಧನೆ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಬೆಂಗಳೂರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ (ಜೆಎನ್‌ಸಿಎಎಸ್‌ಆರ್), ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮತ್ತು ಆಕರಕೋಶ ಸಂಶೋಧನೆಗೇ ಮೀಸಲಾದ ಇನ್‌ಸ್ಟೆಮ್ ಸಂಸ್ಥೆಗಳ ಹೆಸರುಗಳು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತವೆ. ಭ್ರೂಣದ ಆಕರಕೋಶ, ಮೂಳೆಮಜ್ಜೆ ಕಸಿ, ಮಜ್ಜೆಯಿಂದ ತಯಾರಾಗುವ ಇತರ ಔಷಧಿಗಳು, ಕಾರ್-ಟಿ ಚಿಕಿತ್ಸೆ ಇವೆಲ್ಲವನ್ನೂ ಜನಪ್ರಿಯ ಬರಹಗಳು ಒಂದೇ ಹೆಸರಿನಡಿ ಸೇರಿಸುವುದರಿಂದ ಯಾವುದು ಯಾವಾಗ ಎಲ್ಲಿ ನಡೆಯಿತು ಎಂಬುದು ಕಲಸಿಹೋಗಿದೆ. ರೋಗಿಗಳ ಕುಟುಂಬಗಳು ಈ ಮಾಹಿತಿಯನ್ನು ನಂಬಿ ತೀರ್ಮಾನ ಕೈಗೊಳ್ಳುವುದರಿಂದ ಇವನ್ನು ಬಿಡಿಸಿ ಹೇಳುವುದು ಅಗತ್ಯ.

ಹಿನ್ನೆಲೆ

ರಕ್ತ ಹುಟ್ಟುವುದು ಮೂಳೆಮಜ್ಜೆಯಲ್ಲಿ ಎಂದು 1868ರಲ್ಲಿ ತೋರಿಸಿದವರು ಅರ್ನ್‌ಸ್ಟ್ ನಾಯ್ಮನ್. 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್ ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿ, ಗುಲ್ಮದಲ್ಲಿ ಎದ್ದ ಗಂಟುಗಳನ್ನು ಎಣಿಸಿದರು. ಆಕರಕೋಶವನ್ನು ಅಳೆಯಲು ಸಾಧ್ಯವೆಂದು ಖಚಿತವಾದದ್ದು ಆಗಲೇ. ಮಜ್ಜೆ ಕಸಿಗೆ ದಾರಿ ಮಾಡಿದ ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ಪ್ರಶಸ್ತಿ ಸಂದಿತು. ಭಾರತದ ಮೊದಲ ಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) 1986ರಲ್ಲಿ ಈ ಕಸಿಯನ್ನು ಆರಂಭಿಸಿತು.

ಹೆಚ್ಚು ಕಾಲ ವಿವಾದದಲ್ಲಿದ್ದದ್ದು ಬೇರೆ ಪ್ರಶ್ನೆ: ಭ್ರೂಣದಲ್ಲಿ ಮೊದಲ ರಕ್ತದ ಆಕರಕೋಶ ಹುಟ್ಟುವುದೆಲ್ಲಿ? ಯೋಕ್ ಸ್ಯಾಕ್ ಎಂಬ ಪೋಷಕ ಚೀಲದಲ್ಲಿ ಎಂದು 1970ರ ಹೊತ್ತಿಗೆ ನಂಬಲಾಗಿತ್ತು. 1975ರಲ್ಲಿ ಫ್ರಾಂಸ್ವಾಜ್ ಡಿಟರ್ಲೆನ್-ಲಿಯೆವ್ರ್ ಕೋಳಿ ಮತ್ತು ಕ್ವೇಲ್ ಹಕ್ಕಿಯ ಭ್ರೂಣಗಳನ್ನು ಜೋಡಿಸಿ ಆ ನಂಬಿಕೆಯನ್ನು ಅಲುಗಾಡಿಸಿದರು. ಇಲಿಯಲ್ಲಿ ಆಕರಕೋಶಗಳು ಮೊದಲು ಕಾಣುವುದು ಭ್ರೂಣದ ಒಡಲಲ್ಲೇ, ಮಹಾಪಧಮನಿಯ ಆಸುಪಾಸಿನಲ್ಲಿ ಎಂದು 1996ರಲ್ಲಿ ಅಲೆಕ್ಸಾಂಡರ್ ಮೆಡ್ವಿನ್ಸ್ಕಿ ಮತ್ತು ಎಲೈನ್ ಜಿಯರ್ಜಾಕ್ ತೋರಿಸಿದರು. 2010ರಲ್ಲಿ ಜೀಬ್ರಾಫಿಶ್ ಮತ್ತು ಇಲಿಯ ಭ್ರೂಣಗಳ ಜೀವಂತ ಚಿತ್ರೀಕರಣದಲ್ಲಿ, ಆ ರಕ್ತನಾಳದ ಒಳಪದರದ ಕೋಶಗಳೇ ದುಂಡಗಾಗಿ ಕಳಚಿಕೊಂಡು ರಕ್ತಕೋಶಗಳಾಗುವುದು ಕಣ್ಣಿಗೇ ಕಂಡಿತು. ಮನುಷ್ಯರ ಭ್ರೂಣದಲ್ಲಿ ಈ ಘಟ್ಟವನ್ನು ನೇರವಾಗಿ ನೋಡಲಾಗದು. ಆದ್ದರಿಂದಲೇ ತಟ್ಟೆಯಲ್ಲಿ ಬೆಳೆಯುವ, ಯಾವ ಬಗೆಯ ಕೋಶವಾದರೂ ಆಗಬಲ್ಲ ಮಾನವ ಭ್ರೂಣ ಆಕರಕೋಶಗಳಿಗೆ ಇಷ್ಟು ಬೆಲೆ. ಇವನ್ನು 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮೊದಲು ಪಡೆದರು. 2001ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲೇ ಅವುಗಳಿಂದ ರಕ್ತಕೋಶ ತಯಾರಾಯಿತು.

2001ರ ಪಟ್ಟಿ

ಬೆಂಗಳೂರಿನ ಹೆಸರು ಈ ಕ್ಷೇತ್ರದಲ್ಲಿ ಜಗತ್ತಿಗೆ ಕೇಳಿಸಿದ್ದು 2001ರ ಆಗಸ್ಟ್‌ನಲ್ಲಿ. ಆಗಲೇ ತಯಾರಾಗಿದ್ದ ಭ್ರೂಣ ಆಕರಕೋಶಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರದ ಹಣ ಎಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಪ್ರಕಟಿಸಿದರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಬಿಡುಗಡೆ ಮಾಡಿದ, ಒಂದೇ ಮೂಲದಿಂದ ಬೆಳೆದ ಕೋಶಸಂತತಿಗಳಾದ 64 ಸೆಲ್ ಲೈನ್‌ಗಳ ಪಟ್ಟಿಯಲ್ಲಿ ಹತ್ತು ಭಾರತದವು: ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನ ಏಳು, ಎನ್‌ಸಿಬಿಎಸ್‌ನ ಮೂರು. ಕೆಲವು ಬರಹಗಳು ಇದನ್ನೇ ಕರ್ನಾಟಕದ ಆಕರಕೋಶ ಸಂಶೋಧನೆಯ ಮೊದಲ ಗೆಲುವೆಂದು ಎಣಿಸುತ್ತವೆ. ಆದರೆ ಪಟ್ಟಿಯಲ್ಲಿದ್ದ ಲೈನ್‌ಗಳ ಪೈಕಿ ಸಂಶೋಧಕರ ಕೈಗೆ ತಲುಪಿದವು ಇಪ್ಪತ್ತರ ಆಸುಪಾಸು. ಬೆಂಗಳೂರಿನ ಮೂರು ಅವುಗಳಲ್ಲಿರಲಿಲ್ಲ. ಬೇರೆ ಪ್ರಯೋಗಾಲಯದಲ್ಲಿ ಬೆಳೆದು ಪರೀಕ್ಷೆಗೆ ನಿಲ್ಲದ ಸೆಲ್ ಲೈನ್ ಮೇಲೆ ವಿಜ್ಞಾನವನ್ನು ಮುಂದಕ್ಕೆ ಕಟ್ಟಲಾಗದು. ಹಾಗಾಗಿ 2001 ಒಂದು ಸುದ್ದಿಯ ವರ್ಷವೇ ಹೊರತು ತಿರುವಿನ ವರ್ಷವಲ್ಲ.

ಜಕ್ಕೂರಿನ ಜೋಡಿ ಲೈನ್‌ಗಳು

ತಿರುವು ಬಂದದ್ದು 2009ರಲ್ಲಿ. ಜೆಎನ್‌ಸಿಎಎಸ್‌ಆರ್‌ನ ಮನೀಷಾ ಇನಾಂದಾರ್ ಅವರ ತಂಡ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಎರಡು ಮಾನವ ಭ್ರೂಣ ಆಕರಕೋಶದ ಲೈನ್‌ಗಳ ವಿವರವನ್ನು ಪ್ರಕಟಿಸಿತು. ಎನ್‌ಸಿಬಿಎಸ್‌ನ ಕೆ. ವಿಜಯರಾಘವನ್ ಮತ್ತು ಬಂಜೆತನ ಚಿಕಿತ್ಸಾ ತಜ್ಞೆ ಕಾಮಿನಿ ರಾವ್ ಸಹಲೇಖಕರಾಗಿದ್ದರು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲವೆಂದು ಕೈಬಿಡಲಾಗಿದ್ದ ಮೂರನೆಯ ದರ್ಜೆಯ ಭ್ರೂಣಗಳಿಂದ ಇವನ್ನು ಪಡೆಯಲಾಗಿತ್ತು. ಎರಡೂ ಒಡಹುಟ್ಟಿನ ಭ್ರೂಣಗಳಾದ್ದರಿಂದ, ಒಂದೇ ತಂದೆ-ತಾಯಿಯ ಆನುವಂಶಿಕ ಹಿನ್ನೆಲೆಯಲ್ಲಿ ಎರಡು ಲೈನ್‌ಗಳನ್ನು ಹೋಲಿಸುವ ಅಪರೂಪದ ಅನುಕೂಲ ಸಿಕ್ಕಿತು.

ಇವು ಭಾರತದ ಮೊದಲ ಲೈನ್‌ಗಳು ಎಂಬ ಮಾತು ಅಲ್ಲಲ್ಲಿ ಕಾಣುತ್ತದೆ, ಅದು ಸರಿಯಲ್ಲ. ರಿಲಯನ್ಸ್ ತಂಡ 2006ರಲ್ಲೇ ಒಂದು ಲೈನ್‌ನ ವಿವರ ಪ್ರಕಟಿಸಿತ್ತು. ಜಕ್ಕೂರಿನ ಕೆಲಸದ ಹೆಚ್ಚುಗಾರಿಕೆ ಇರುವುದು ಅದರ ಮುಂದುವರಿಕೆಯಲ್ಲಿ. ಅದೇ ಲೈನ್‌ಗಳಲ್ಲಿ ಜೀನ್‌ಗಳನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಕತ್ತರಿಸಿ, ರಕ್ತದ ಹುಟ್ಟಿನ ಬಗ್ಗೆ ವರ್ಷಗಟ್ಟಲೆ ಪ್ರಶ್ನೆ ಕೇಳಲಾಯಿತು.

ಅಸೃಜ್ ಮತ್ತು ರುಧಿರ

ಇನಾಂದಾರ್ ಪ್ರಯೋಗಾಲಯ 2003ರಲ್ಲಿ ಇಲಿಯ ಭ್ರೂಣ ಆಕರಕೋಶಗಳಲ್ಲಿ ಗುರುತಿಸಿದ ಜೀನ್ ಅಸೃಜ್. ಮನುಷ್ಯರಲ್ಲಿ ಅದರ ಹೆಸರು ಓಸಿಐಎಡಿ1. ಹಣ್ಣುನೊಣದಿಂದ ಮನುಷ್ಯರವರೆಗೆ ಇದು ಉಳಿದುಬಂದಿದೆ. ಅಸೃಜ್ ಇಲ್ಲದ ನೊಣದ ಲಿಂಫ್ ಗ್ರಂಥಿಯಲ್ಲಿ ರಕ್ತದ ಮೂಲಕೋಶಗಳು ಕಾಯದೆ, ಅವಧಿಗೆ ಮುನ್ನವೇ ಪ್ರೌಢ ಕೋಶಗಳಾಗಿ ಮುಗಿದುಹೋಗುತ್ತವೆ ಎಂದು 2011ರಲ್ಲಿ ತೋರಿಸಲಾಯಿತು. ಇಲಿಯಲ್ಲಿ ಈ ಜೀನ್ ಇಲ್ಲವಾದಾಗ ಮಜ್ಜೆಯ ಆಕರಕೋಶಗಳು ತಮ್ಮ ಸಹಜ ನಿದ್ರಾಸ್ಥಿತಿ ಕಳೆದುಕೊಂಡು ವಿಭಜನೆಗೆ ಇಳಿಯುತ್ತವೆ. ಕ್ಯಾನ್ಸರ್‌ಗೆ ಕಡಿವಾಣ ಹಾಕುವ ಪಿ53 ಪ್ರೋಟೀನ್ ಬೇಗನೆ ನಾಶವಾಗುವುದೇ ಇದಕ್ಕೆ ಕಾರಣ ಎಂದು 2019ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ವಯಸ್ಸಾದ ಅಂಥ ಇಲಿಗಳಲ್ಲಿ ಬಿಳಿಕಣಗಳ ಅತಿವೃದ್ಧಿಯನ್ನು ಹೋಲುವ ರೋಗ ಕಾಣಿಸಿತು. ಮಾನವ ಕೋಶಗಳ ಮೇಲಿನ 2018ರ ಅಧ್ಯಯನದಲ್ಲಿ ಓಸಿಐಎಡಿ1 ಪ್ರೋಟೀನ್ ಮೈಟೊಕಾಂಡ್ರಿಯಾದ ಶಕ್ತಿ ಉತ್ಪಾದನೆಗೆ ಲಗಾಮು ಹಾಕುವುದು, ಅದನ್ನು ತೆಗೆದರೆ ರಕ್ತ ಮತ್ತು ಹೃದಯಕ್ಕೆ ಮೂಲವಾಗುವ ಆರಂಭಿಕ ಮೀಸೋಡರ್ಮ್ ಕೋಶಗಳು ಹೆಚ್ಚುವುದು ಕಂಡಿತು. ನೊಣ, ಇಲಿ, ಮಾನವ ಕೋಶ ಮೂರರಲ್ಲೂ ಒಂದೇ ಜೀನನ್ನು ಹಿಂಬಾಲಿಸಿದ ಇಂಥ ಸರಣಿ ಕರ್ನಾಟಕದ ಜೀವವಿಜ್ಞಾನದ ಹೆಮ್ಮೆಯ ಕೆಲಸ.

ರುಧಿರ ಎಂಬ ಮತ್ತೊಂದು ಜೀನನ್ನು 2006ರಲ್ಲಿ ಕೆಂಪುಕಣಗಳ ಹುಟ್ಟಿನ ಸಂದರ್ಭದಲ್ಲಿ ವಿವರಿಸಲಾಗಿತ್ತು. ಅದು ರಕ್ತನಾಳದ ಕೋಶಗಳ ಚಲನೆಗೂ ಬೇಕೆಂದು 2012ರಲ್ಲಿ, ಅದಿಲ್ಲದೆ ಇಲಿಯ ಭ್ರೂಣ ಉಳಿಯದೆಂದು 2018ರಲ್ಲಿ ತಿಳಿಯಿತು. ರಕ್ತ ಮತ್ತು ರಕ್ತನಾಳಗಳ ಹುಟ್ಟು ಒಂದಕ್ಕೊಂದು ಹೆಣೆದುಕೊಂಡಿದೆ ಎಂಬ ಹಳೆಯ ಊಹೆಗೆ ಇಂಥ ಫಲಿತಾಂಶಗಳು ಬಲ ಕೊಟ್ಟವು.

ತಟ್ಟೆಯಲ್ಲಿ ರಕ್ತ

ಆಕರಕೋಶದಿಂದ ರಕ್ತ ಪಡೆಯುವ ಕ್ರಮ ಭ್ರೂಣದ ಹಾದಿಯನ್ನೇ ಅನುಸರಿಸುತ್ತದೆ. ಕೋಶಗಳನ್ನು ಸಣ್ಣ ಗುಂಡುಗಳಾಗಿ ಒಟ್ಟುಗೂಡಿಸಿ, ಮೊದಲು ಬಿಎಂಪಿ4, ಆಮೇಲೆ ವಿಇಜಿಎಫ್, ಎಸ್‌ಸಿಎಫ್ ಮೊದಲಾದ ಬೆಳವಣಿಗೆಯ ಅಂಶಗಳನ್ನು ಸರದಿಯಲ್ಲಿ ಕೊಡುತ್ತಾರೆ. ತಳಕ್ಕೆ ಅಂಟಿಕೊಂಡ ಚಪ್ಪಟೆ ಕೋಶಗಳ ನಡುವೆ ದುಂಡನೆಯ ಕೋಶಗಳು ಎದ್ದು, ಕಳಚಿಕೊಂಡು ದ್ರವದಲ್ಲಿ ತೇಲುತ್ತವೆ. ಅವುಗಳ ಮೇಲ್ಮೈಯ ಸಿಡಿ34, ಸಿಡಿ43, ಸಿಡಿ45 ಗುರುತುಗಳನ್ನು ಅಳೆದು, ಕೊನೆಗೆ ಅಂಟಾದ ಮೀಥೈಲ್ ಸೆಲ್ಯುಲೋಸ್‌ನಲ್ಲಿ ಸುಮಾರು ಎರಡು ವಾರ ಬೆಳೆಸುತ್ತಾರೆ. ಹಿಮೋಗ್ಲೋಬಿನ್ ತುಂಬಿದ ಗುಂಪುಗಳು ಬಣ್ಣ ಹಾಕದೆಯೇ ಕೆಂಪಗೆ ಕಾಣುತ್ತವೆ.

ಆದರೆ ಹೀಗೆ ಸಿಕ್ಕ ಕೋಶಗಳು ಮಜ್ಜೆಯಲ್ಲಿ ಬೇರೂರಿ ವರ್ಷಗಳ ಕಾಲ ರಕ್ತ ಕೊಡುವ ನಿಜವಾದ ಆಕರಕೋಶಗಳೇ ಎಂಬುದು ಬಹುಕಾಲ ಬಗೆಹರಿಯಲಿಲ್ಲ. ಶಿನ್ಯಾ ಯಮನಾಕಾ 2006–07ರಲ್ಲಿ ಕಂಡುಹಿಡಿದ, ಸಾಮಾನ್ಯ ದೇಹಕೋಶಗಳಿಂದ ಪಡೆಯುವ ಪ್ರೇರಿತ ಆಕರಕೋಶಗಳು (ಐಪಿಎಸ್) ಭ್ರೂಣದ ಅಗತ್ಯ ತಪ್ಪಿಸಿದರೂ ಈ ತೊಡಕನ್ನು ನೀಗಿಸಲಿಲ್ಲ. 2024ರಲ್ಲಿ ಮೆಲ್ಬರ್ನ್‌ನ ತಂಡವೊಂದು ಐಪಿಎಸ್ ಕೋಶಗಳಿಂದ ಪಡೆದ ಆಕರಕೋಶಗಳು ಇಲಿಯ ಮಜ್ಜೆಯಲ್ಲಿ ದೀರ್ಘಕಾಲ ಉಳಿದು ಹಲವು ಬಗೆಯ ಕಣ ಹುಟ್ಟಿಸಿದ್ದನ್ನು ವರದಿ ಮಾಡಿತು. ಅದನ್ನು ಮನುಷ್ಯರ ಚಿಕಿತ್ಸೆಗೆ ತರುವುದು ಇನ್ನೂ ಮುಂದಿನ ಮಾತು.

ಇನ್‌ಸ್ಟೆಮ್ ಮತ್ತು ವೆಲ್ಲೂರು

2009ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಸ್ಥಾಪನೆಯಾಯಿತು. ಇನಾಂದಾರ್ ಮುಂದೆ ಅದರ ನಿರ್ದೇಶಕರಾದರು. ವೆಲ್ಲೂರಿನ ಸಿಎಂಸಿಯಲ್ಲಿ 2005ರಿಂದ ಇದ್ದ ಆಕರಕೋಶ ಸಂಶೋಧನಾ ಕೇಂದ್ರ (ಸಿಎಸ್‌ಸಿಆರ್) 2011ರಲ್ಲಿ ಇನ್‌ಸ್ಟೆಮ್‌ನ ಘಟಕವಾಯಿತು. ಹೀಗಾಗಿ ಅಲ್ಲಿನ ಸಾಧನೆಗಳು ಒಮ್ಮೆ ಬೆಂಗಳೂರಿನವು, ಒಮ್ಮೆ ವೆಲ್ಲೂರಿನವು ಎಂದು ದಾಖಲಾಗುತ್ತವೆ. ಆಡಳಿತ ಬೆಂಗಳೂರಿನ ಸಂಸ್ಥೆಗೆ ಸೇರಿದರೂ ರೋಗಿಗಳ ಚಿಕಿತ್ಸೆ ನಡೆದದ್ದು ವೆಲ್ಲೂರಿನಲ್ಲಿ. ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗಗಳಲ್ಲಿ ಭ್ರೂಣಕಾಲದ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಜೀನ್ ತಿದ್ದುವ ತಾಣಗಳನ್ನು ಅಲ್ಲಿನ ತಂಡ 2022ರಲ್ಲಿ ಗುರುತಿಸಿತು. 2024ರ ಡಿಸೆಂಬರ್‌ನಲ್ಲಿ ಅಲೋಕ್ ಶ್ರೀವಾಸ್ತವ ನೇತೃತ್ವದ ತಂಡ, ತೀವ್ರ ಹೀಮೋಫಿಲಿಯಾ-ಎ ಇದ್ದ ಐವರ ಆಕರಕೋಶಗಳಿಗೆ ಫ್ಯಾಕ್ಟರ್-8ರ ಜೀನ್ ಸೇರಿಸಿ ಮರಳಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಒಟ್ಟು 81 ತಿಂಗಳ ನಿಗಾದಲ್ಲಿ ಅವರಲ್ಲಿ ಯಾರಿಗೂ ರಕ್ತಸ್ರಾವವಾಗಲಿಲ್ಲ. ಸಂಖ್ಯೆ ಚಿಕ್ಕದು, ಆದರೂ ಆಕರಕೋಶ ವಿಜ್ಞಾನ ಈ ಭಾಗದ ರೋಗಿಗಳ ಮೈಗೆ ಮುಟ್ಟಿದ ದೃಢ ದಾಖಲೆ ಇದು.

ಚಿಕಿತ್ಸೆಯ ಹೆಸರಿನ ಗೊಂದಲ

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನ ಸ್ಟೆಂಪ್ಯೂಸೆಲ್ ಔಷಧ ಮೂಳೆಮಜ್ಜೆಯಿಂದಲೇ ತಯಾರಾಗುತ್ತದೆ. ಆದರೆ ಅದರಲ್ಲಿರುವುದು ಮೀಸೆಂಕೈಮಲ್ ಕೋಶಗಳು. ಅವು ರಕ್ತ ಹುಟ್ಟಿಸುವುದಿಲ್ಲ. ಕಾಲಿನ ರಕ್ತಸಂಚಾರದ ತೀವ್ರ ಕೊರತೆಗೆ ಅದನ್ನು ಬಳಸಲಾಗುತ್ತದೆ. ಬೆಂಗಳೂರಿನ ಇಮ್ಯುನೀಲ್‌ನ ಕಾರ್-ಟಿ ಚಿಕಿತ್ಸೆಯಲ್ಲಿ ತಿದ್ದುವುದು ರೋಗನಿರೋಧಕ ಟಿ ಕೋಶಗಳನ್ನು, ಆಕರಕೋಶಗಳನ್ನಲ್ಲ. ಇನ್ನೊಂದೆಡೆ, ಸಂಕಲ್ಪ ಇಂಡಿಯಾ ಫೌಂಡೇಶನ್ ಬೆಂಗಳೂರಿನಲ್ಲಿ ಥಲಸ್ಸೀಮಿಯಾ ಮಕ್ಕಳಿಗೆ ಮಾಡಿಸುತ್ತಿರುವ ಮಜ್ಜೆ ಕಸಿ, ದಾನಿಗಳನ್ನು ನೋಂದಾಯಿಸುವ ಡಿಕೆಎಂಎಸ್ ಸಂಸ್ಥೆಯ ಕೆಲಸ ಇವು ರಕ್ತದ ಆಕರಕೋಶಗಳಿಗೇ ಸೇರಿದವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರ ಮಾರ್ಗಸೂಚಿಯ ಹೆಸರಿನಲ್ಲಿದ್ದ ‘ಚಿಕಿತ್ಸೆ’ ಎಂಬ ಪದವನ್ನು 2013ರಲ್ಲಿ ಕೈಬಿಟ್ಟು ‘ಸಂಶೋಧನೆ’ಯನ್ನಷ್ಟೇ ಉಳಿಸಿತು. ನಿಗದಿತ ರಕ್ತರೋಗಗಳಿಗೆ ಮಾಡುವ ಆಕರಕೋಶ ಕಸಿಯೊಂದೇ ಮಾನ್ಯ ಚಿಕಿತ್ಸೆ, ಉಳಿದದ್ದೆಲ್ಲ ಪ್ರಯೋಗ ಎಂದು 2017ರ ಮಾರ್ಗಸೂಚಿ ಸ್ಪಷ್ಟಪಡಿಸಿತು. ಪ್ರಯೋಗಕ್ಕೆ ರೋಗಿಯಿಂದ ಹಣ ಕೇಳುವಂತಿಲ್ಲ. ಹೊಸ ಔಷಧಗಳು ಅನುಮೋದನೆ ಪಡೆದಂತೆ ಈ ಗೆರೆ ಸರಿಯುತ್ತದೆ; ಗೆರೆ ಇದೆಯೆಂಬುದು ಮಾತ್ರ ಬದಲಾಗದು. ಮಗುವಿನ ಚಿಕಿತ್ಸೆಗೆಂದು ಹೊಲ ಮಾರಲು ಸಿದ್ಧವಾದ ಕುಟುಂಬಕ್ಕೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಈ ವ್ಯತ್ಯಾಸ.