ನೆತ್ತರುಗೊಡಗೆಯಿಂದ ಕೃತಕ ಕಾಲಿನವರೆಗೆ

ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ಭೂಮಿಗೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಕೃಷ್ಣೆಯ ಮಗ್ಗುಲಿಗೆ ದೇವದುರ್ಗ, ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ, ಇವುಗಳ ಪೂರ್ವಕ್ಕೆ ರಾಯಚೂರಿನ ಕೋಟೆ. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಆದಿಲಶಾಹಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು.

1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ ಯುದ್ಧವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ರಾಯನ ಕಡೆ ಮಡಿದವರು ಹದಿನಾರು ಸಾವಿರಕ್ಕೂ ಮಿಕ್ಕಿ. ಅವರ ಶವಗಳನ್ನು ದಹಿಸಿ, ಆತ್ಮಶಾಂತಿಗಾಗಿ ಧಾರಾಳವಾಗಿ ದಾನ ಮಾಡಲಾಯಿತು ಎನ್ನುತ್ತಾನೆ. ಕನ್ನಡ ನಾಡಿನಲ್ಲಿ ಅದಕ್ಕೂ ಹಳೆಯ ಪದ್ಧತಿಗಳಿದ್ದವು. ಹೋರಾಡಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ‘ನೆತ್ತರುಗೊಡಗೆ’. ಗೆದ್ದು ಬಂದ ವೀರನ ಕತ್ತಿ ತೊಳೆದು ಕೊಟ್ಟ ದತ್ತಿ ‘ಬಾಳ್ಗಚ್ಚು’. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಅದರ ಉಲ್ಲೇಖವಿದೆ. ರಾಜ್ಯವು ತನ್ನ ಋಣವನ್ನು ತೀರಿಸುತ್ತಿದ್ದುದು ನೆಲದ ಮೂಲಕ.

ಅಂಗ ಕಳೆದುಕೊಂಡೂ ಬದುಕಿದ ಸೈನಿಕನಿಗೆ ಉಪಕರಣ ಒದಗಿಸುವ ಹೊಣೆಯನ್ನು ಸರ್ಕಾರ ಹೊತ್ತದ್ದು ತೀರ ಈಚೆಗೆ. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ ಆರಂಭವಾಯಿತು. ಬಾಂಗ್ಲಾ ಯುದ್ಧದ ಮರುವರ್ಷ, 1972ರಲ್ಲಿ, ಕಾನ್ಪುರದಲ್ಲಿ ಕೃತಕ ಅಂಗಗಳ ತಯಾರಿಕೆಗೆಂದೇ ಸರ್ಕಾರಿ ಕಾರ್ಖಾನೆ ಸ್ಥಾಪನೆಗೊಂಡಿತು. ಅದರ ಒಂದು ಶಾಖಾ ಘಟಕ ಬೆಂಗಳೂರಿನಲ್ಲಿದೆ. 2003ರ ಏಪ್ರಿಲ್‌ನಿಂದ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ ಜಾರಿಗೆ ಬಂದು, ನಿವೃತ್ತರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್ ಮತ್ತು ನೋಂದಾಯಿತ ಆಸ್ಪತ್ರೆಗಳ ಬಾಗಿಲು ತೆರೆಯಿತು.

ಕೊಡಗೆಯ ಜಾಗದಲ್ಲಿ ಈಗ ಟೆಂಡರ್ ಬಂದಿದೆ. ಸರ್ಕಾರಿ ಖರೀದಿಯ ಸಾಮಾನ್ಯ ಸೂತ್ರ ಸರಳ: ಗುಣಮಟ್ಟದ ಷರತ್ತುಗಳನ್ನು ಪೂರೈಸಿದವರಲ್ಲಿ ಕಡಿಮೆ ದರ ಹೇಳಿದವರಿಗೆ ಆದೇಶ. ಕತ್ತರಿ, ಚಿಮಟ, ಶಸ್ತ್ರಚಿಕಿತ್ಸೆಯ ಮೇಜುಗಳಿಗೆ ಇದು ಒಪ್ಪುತ್ತದೆ. ಒಂದರಂತೆ ಇನ್ನೊಂದಿದ್ದರೆ ಸಾಕು. ಆದರೆ ಕೃತಕ ಕಾಲು ಹಾಗಲ್ಲ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಉಳಿದ ಮೊಂಡುಗಾಲು ಸೊರಗುತ್ತದೆ. ಅದನ್ನು ಹಿಡಿದಿಡುವ ಬಟ್ಟಲು ಸಡಿಲಾಗುತ್ತದೆ. ಅಳತೆ ತೆಗೆದು ಮತ್ತೊಂದು ಮಾಡಬೇಕು. ಪಟ್ಟಿ ಹರಿಯುತ್ತದೆ, ಪಾದ ಸವೆಯುತ್ತದೆ.

ನೆಲವೂ ಲೆಕ್ಕಕ್ಕೆ ಬರಬೇಕು. ಮಾನ್ವಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯದು. ಮಳೆ ಬಿದ್ದರೆ ಎರೆಮಣ್ಣು ಹೆಜ್ಜೆ ಕಿತ್ತಿಡಲು ಬಿಡುವುದಿಲ್ಲ. ಬರಿಗಾಲಿನಲ್ಲಿ ನಡೆಯುವ, ನೆಲದ ಮೇಲೆ ಕೂರುವ ಜನರನ್ನು ನೆನೆದೇ 1960ರ ದಶಕದ ಕೊನೆಯಲ್ಲಿ ಜೈಪುರದ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರಬ್ಬರಿನ ‘ಜೈಪುರ ಪಾದ’ವನ್ನು ರೂಪಿಸಿದ್ದು.

ರಾಯಚೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು ನಾನೂರು ಕಿ.ಮೀ. ಪುಣೆಗೆ ನೇರ ರೈಲುಮಾರ್ಗವಿದ್ದರೂ ರಾತ್ರಿಯಿಡೀ ಹಿಡಿಯುವ ಪಯಣ. ಒಂದು ಪಟ್ಟಿ ಬಿಗಿಗೊಳಿಸಲು ಇಷ್ಟು ದೂರ ಹೋಗಬೇಕಾದರೆ ಕಾಲು ಮನೆಯ ಮೂಲೆ ಸೇರುತ್ತದೆ. ನೆತ್ತರುಗೊಡಗೆಯ ಹೊಲ ವೀರನ ಊರಿನಲ್ಲೇ ಇದ್ದು ತಲೆಮಾರುಗಳ ಕಾಲ ಬೆಳೆ ಕೊಡುತ್ತಿತ್ತು. ಇಂದಿನ ಖರೀದಿ ಆದೇಶದಲ್ಲಿ ವಸ್ತುವಿನ ಬೆಲೆಯ ಜೊತೆಗೆ ಹತ್ತಿರದಲ್ಲೇ ಅಳತೆ, ರಿಪೇರಿಗಳ ವೆಚ್ಚವೂ ಸೇರಿದಾಗಲೇ ಆ ಋಣ ಸಲ್ಲುವುದು.