ಅಡಿಸ್ ಅಬಾಬಾದ ಅರಸ, ಕಿಂಗ್‌ಸ್ಟನ್ನಿನ ದೇವರು

ಕುರ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಟೀ ಶರ್ಟ್ ಮಾರುವ ಗಾಡಿಗಳಲ್ಲಿ ಬಾಬ್ ಮಾರ್ಲಿಯ ಮುಖ ಆಗಾಗ ಕಣ್ಣಿಗೆ ಬೀಳುತ್ತದೆ. ಜಡೆಗಟ್ಟಿದ ಕೂದಲು, ಹಿಂದೆ ಹಸಿರು, ಹಳದಿ, ಕೆಂಪು ಪಟ್ಟೆ, ಕೆಲವದರಲ್ಲಿ ಕಿರೀಟ ತೊಟ್ಟ ಸಿಂಹ. ಕೊಳ್ಳುವ ಹುಡುಗರಿಗೆ ಮಾರ್ಲಿ ಗೊತ್ತು. ಆ ಬಣ್ಣಗಳು ಇಥಿಯೋಪಿಯಾದ ಬಾವುಟದವು, ಆ ಸಿಂಹ ಅಲ್ಲಿನ ಚಕ್ರವರ್ತಿಯ ಲಾಂಛನ, ಮಾರ್ಲಿ ಆ ಚಕ್ರವರ್ತಿಯನ್ನು ದೇವರೆಂದೇ ನಂಬಿದ್ದ ಎಂಬುದು ಹೆಚ್ಚಿನವರಿಗೆ ಗೊತ್ತಿರಲಾರದು. ಆತನೇ ಹೈಲೆ ಸೆಲಾಸಿ. ಬರಗಾಲದಲ್ಲಿ ಸಾಯುತ್ತಿದ್ದ ತನ್ನದೇ ಪ್ರಜೆಗಳ ಕಡೆ ತಿರುಗಿ ನೋಡದ ಆಡಳಿತದ ಯಜಮಾನನೂ ಆತನೇ. ಒಬ್ಬ ಮನುಷ್ಯನ ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಓದುವುದು ಹೇಗೆ?

1892ರಲ್ಲಿ ಹರಾರ್ ಪಟ್ಟಣದ ಬಳಿ ಹುಟ್ಟಿದ ಆತನ ಹೆಸರು ತಫಾರಿ ಮಾಕೊನ್ನೆನ್. 'ರಾಸ್' ಎಂಬುದು ಅಲ್ಲಿನ ದೊಡ್ಡ ಸರದಾರರ ಬಿರುದು. 'ರಾಸ್ ತಫಾರಿ' ಎಂಬ ಹೆಸರಿನಿಂದಲೇ ರಾಸ್ತಫಾರಿ ಪಂಥಕ್ಕೆ ಹೆಸರು ಬಂದಿತು. 1930ರ ನವೆಂಬರ್ 2ರಂದು ಪಟ್ಟಕ್ಕೇರಿದಾಗ ಆತ ಹೈಲೆ ಸೆಲಾಸಿ ಎಂಬ ಹೆಸರು ಧರಿಸಿದ. ಬೈಬಲ್ಲಿನ ಸೊಲೊಮನ್ ರಾಜ ಮತ್ತು ಶೀಬಾ ರಾಣಿಯ ವಂಶ ತಮ್ಮದೆಂಬುದು ಆ ಅರಸೊತ್ತಿಗೆಯ ಹೇಳಿಕೆ. ಆಫ್ರಿಕಾದ ಬಹುಪಾಲು ಯುರೋಪಿನ ಕೈಯಲ್ಲಿದ್ದ ಕಾಲವದು. ಇಥಿಯೋಪಿಯಾ ಮಾತ್ರ 1896ರಲ್ಲಿ ಅಡ್ವಾ ಎಂಬಲ್ಲಿ ಇಟಲಿಯ ಸೇನೆಯನ್ನು ಸೋಲಿಸಿ ಸ್ವತಂತ್ರವಾಗಿ ಉಳಿದಿತ್ತು.

ಪಟ್ಟಾಭಿಷೇಕದ ಸುದ್ದಿ ಸಾವಿರಾರು ಮೈಲಿ ದೂರದ ಜಮೈಕಾ ಮುಟ್ಟಿತು. ಅಲ್ಲಿನವರು ಕಬ್ಬಿನ ತೋಟಗಳಿಗೆ ಗುಲಾಮರಾಗಿ ಸಾಗಿಸಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು. ದೇವರ ಚಿತ್ರವೂ ಬೆಳ್ಳಗೆ, ದೊರೆಯ ಚಿತ್ರವೂ ಬೆಳ್ಳಗೆ ಇದ್ದ ಊರಲ್ಲಿ ಕಪ್ಪು ಮನುಷ್ಯನೊಬ್ಬ ಕಿರೀಟ ಧರಿಸಿದ ಫೋಟೋ ಕೈಯಿಂದ ಕೈಗೆ ಹೋಯಿತು. ಲೆನಾರ್ಡ್ ಹೊವೆಲ್ ಎಂಬಾತ ನಮ್ಮ ರಾಜ ಇಂಗ್ಲೆಂಡಿನಲ್ಲಿಲ್ಲ, ಇಥಿಯೋಪಿಯಾದಲ್ಲಿದ್ದಾನೆ ಎಂದು ಬೋಧಿಸಿ 1934ರಲ್ಲಿ ರಾಜದ್ರೋಹದ ಆರೋಪದ ಮೇಲೆ ಜೈಲಿಗೆ ಹೋದ.

ಇಲ್ಲಿ ನಮ್ಮ ನೆರಳೂ ಇದೆ. 1845ರಿಂದ ಜಮೈಕಾಕ್ಕೆ ಕರಾರು ಕೂಲಿಗಳಾಗಿ ಹೋದ ಭಾರತೀಯರು ಗಾಂಜಾವನ್ನೂ ಆ ಹೆಸರನ್ನೂ ಜೊತೆಗೆ ಒಯ್ದಿದ್ದರು. ರಾಸ್ತಫಾರಿಗಳಿಗೆ ಪವಿತ್ರವಾದ ಸೊಪ್ಪಿಗೆ ಅಲ್ಲಿ ಇಂದಿಗೂ ಅದೇ ಹೆಸರು. ಹೊವೆಲ್ ತನ್ನ ಪುಸ್ತಕಕ್ಕೆ ಹಾಕಿಕೊಂಡ ಹೆಸರು ಜಿ. ಜಿ. ಮರಾಘ್. ಅದು 'ಮಹಾರಾಜ್' ಎಂಬುದರ ಜಮೈಕಾದ ಉಚ್ಚಾರ.

1935ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ಮತ್ತೆ ದಂಡೆತ್ತಿ ಬಂದು ವಿಷಾನಿಲವನ್ನೂ ಸುರಿಯಿತು. ರಾಷ್ಟ್ರಸಂಘ ಇಟಲಿಯ ಮೇಲೆ ನಿರ್ಬಂಧ ಹಾಕಿತು, ಆದರೆ ಯುದ್ಧ ನಡೆಸಲು ಬೇಕಾದ ಎಣ್ಣೆಯನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟಿತು. 1936ರ ಮೇ 5ರಂದು ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ಚಕ್ರವರ್ತಿ ಜಿನೀವಾದಲ್ಲಿ ರಾಷ್ಟ್ರಸಂಘದ ಎದುರು ನಿಂತು, ಇಂದು ನಮಗಾದದ್ದು ನಾಳೆ ಎಲ್ಲ ಚಿಕ್ಕ ದೇಶಗಳಿಗೂ ಆಗಬಹುದು ಎಂಬ ಅರ್ಥದ ಎಚ್ಚರಿಕೆ ಕೊಟ್ಟ. ಇಟಲಿಯ ಪತ್ರಕರ್ತರು ಸೀಟಿ ಹೊಡೆದು ಗದ್ದಲ ಮಾಡಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಯುರೋಪಿಗೇ ಬೆಂಕಿ ಬಿದ್ದಿತ್ತು.

ಆ ಮೇ ತಿಂಗಳಲ್ಲಿ, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಜವಾಹರಲಾಲ್ ನೆಹರೂ ಅವರ ಕರೆಯಂತೆ, ಭಾರತದಲ್ಲಿ 'ಅಬಿಸೀನಿಯಾ ದಿನ' ಆಚರಿಸಲಾಯಿತು. ಕಪ್ಪು ಜನರ ಸ್ವಾಭಿಮಾನದ ಹರಿಕಾರ ಮಾರ್ಕಸ್ ಗಾರ್ವೆ ಮಾತ್ರ, ಪ್ರಜೆಗಳನ್ನು ಬಿಟ್ಟು ಓಡಿಹೋದ ಅರಸ ಎಂದು ಆತನನ್ನು ಖಂಡಿಸಿದ. ಇದೇ ಗಾರ್ವೆಯನ್ನು ರಾಸ್ತಫಾರಿಗಳು ತಮ್ಮ ಪ್ರವಾದಿ ಎಂದು ಭಾವಿಸುತ್ತಾರೆ. ಪ್ರವಾದಿಯೇ ದೇವರನ್ನು ತಳ್ಳಿಹಾಕಿದರೂ ನಂಬಿಕೆ ಅಲುಗಲಿಲ್ಲ.

ದೇಶದೊಳಗೆ ಇಥಿಯೋಪಿಯನ್ನರು ಐದು ವರ್ಷ ಕಾಡುಮೇಡುಗಳಲ್ಲಿ ಇಟಲಿಯ ವಿರುದ್ಧ ಹೋರಾಡಿದರು. 1941ರಲ್ಲಿ ಬ್ರಿಟಿಷರ ಸೇನೆ ಬಂತು. ಅದರಲ್ಲಿ ಭಾರತದ 4 ಮತ್ತು 5ನೇ ಡಿವಿಜನ್‌ಗಳೂ ಇದ್ದವು. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಸುಮಾರು ಏಳು ವಾರ ನಡೆದ ಕಾಳಗದಲ್ಲಿ ಬೆಳಗಾವಿಯನ್ನು ತರಬೇತಿಯ ನೆಲೆಯಾಗಿಸಿಕೊಂಡ ಮರಾಠಾ ಪದಾತಿ ದಳದವರೂ ಕಾದಿದರು. ಇತ್ತ ಸುಡಾನ್ ಗಡಿಯಾಚೆಯ ರಸ್ತೆಯಲ್ಲಿ ಬಾಂಬೆ ಸ್ಯಾಪರ್ಸ್‌ನ ಪ್ರೇಮಿಂದ್ರ ಸಿಂಗ್ ಭಗತ್ ನಾಲ್ಕು ದಿನಗಳಲ್ಲಿ 55 ಮೈಲಿ ಉದ್ದಕ್ಕೂ 15 ನೆಲಬಾಂಬು ಪ್ರದೇಶಗಳನ್ನು ತೆರವುಗೊಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದರು. 1941ರ ಮೇ 5ರಂದು, ನಗರ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಚಕ್ರವರ್ತಿ ಅಡಿಸ್ ಅಬಾಬಾಕ್ಕೆ ಮರಳಿದ. ಆತನ ದಾರಿ ತೆರೆದವರಲ್ಲಿ ಹಲವರು ತಮ್ಮ ಸ್ವಂತ ಊರಲ್ಲಿ ಸ್ವತಂತ್ರರಾಗಿರಲಿಲ್ಲ.

ಮುಂದಿನ ದಶಕಗಳು ಆತನ ಕೀರ್ತಿಯವು. 1963ರ ಮೇ 25ರಂದು 32 ಸ್ವತಂತ್ರ ಆಫ್ರಿಕನ್ ದೇಶಗಳು ಅಡಿಸ್ ಅಬಾಬಾದಲ್ಲಿ ಸೇರಿ ಆಫ್ರಿಕನ್ ಏಕತಾ ಸಂಘಟನೆ ಕಟ್ಟಿದವು. ಅದೇ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಆತ ಮಾಡಿದ ಭಾಷಣವನ್ನು ಮಾರ್ಲಿ 1976ರಲ್ಲಿ 'ವಾರ್' ಎಂಬ ಹಾಡಾಗಿಸಿದ. 1966ರ ಏಪ್ರಿಲ್ 21ರಂದು ಕಿಂಗ್‌ಸ್ಟನ್ನಿನಲ್ಲಿ ವಿಮಾನ ಇಳಿದಾಗ ಜನ ಕಾವಲು ಮುರಿದು ರನ್‌ವೇಗೆ ನುಗ್ಗಿದರು. ಚಕ್ರವರ್ತಿ ಬಹಳ ಹೊತ್ತು ಕೆಳಗಿಳಿಯಲೇ ಇಲ್ಲ. ಕೊನೆಗೆ ರಾಸ್ತಫಾರಿ ಹಿರಿಯ ಮಾರ್ಟಿಮೋ ಪ್ಲಾನೊ ದಾರಿ ಬಿಡಿಸಬೇಕಾಯಿತು. ಪೊಲೀಸರ ಲಾಠಿಗೆ ಗುರಿಯಾಗುತ್ತಿದ್ದವರಿಗೆ ಅಂದು ಸರ್ಕಾರವೇ ತಲೆಬಾಗಿದಂತಾಯಿತು. ಆದರೆ ಆತ ತನ್ನನ್ನು ದೇವರೆಂದು ಒಪ್ಪಲಿಲ್ಲ. ಆತ ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತ. ಜಮೈಕಾಕ್ಕೆ ಕಳಿಸಿದ್ದೂ ಆ ಚರ್ಚಿನ ಪಾದ್ರಿಯನ್ನೇ.

ಊರಿನ ಲೆಕ್ಕ ಬೇರೆಯೇ ಇತ್ತು. 1962ರಲ್ಲಿ ಎರಿಟ್ರಿಯಾದ ಸ್ವಾಯತ್ತತೆಯನ್ನು ಕಿತ್ತುಕೊಂಡ, ಅಲ್ಲಿನ ಯುದ್ಧ ಮೂವತ್ತು ವರ್ಷ ನಡೆಯಿತು. ಹೊಲ ಉಳುವವರು ಬೆಳೆಯ ದೊಡ್ಡ ಪಾಲನ್ನು ಭೂಮಾಲೀಕರಿಗೆ ಅಳೆಯುತ್ತಿದ್ದರು. 1973ರಲ್ಲಿ ವೊಲ್ಲೊ ಪ್ರಾಂತ್ಯದ ಬರದಲ್ಲಿ ಹತ್ತಾರು ಸಾವಿರ ಜನ ಸತ್ತರು, ಸರ್ಕಾರ ಸುದ್ದಿ ಅಡಗಿಸಿತು. 1974ರ ಸೆಪ್ಟೆಂಬರ್‌ನಲ್ಲಿ ಸೈನಿಕರು ಆ ಬರದ ಚಿತ್ರಗಳ ನಡುವೆ ಅರಮನೆಯ ಔತಣದ ದೃಶ್ಯಗಳನ್ನು ಸೇರಿಸಿ ಟಿವಿಯಲ್ಲಿ ತೋರಿಸಿ, ಮರುದಿನ ಆತನನ್ನು ಪಟ್ಟದಿಂದಿಳಿಸಿ ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿಕೊಂಡು ಹೋದರು. 1975ರ ಆಗಸ್ಟ್‌ನಲ್ಲಿ ಆತ ಸೆರೆಯಲ್ಲಿ ಸತ್ತ. 1992ರಲ್ಲಿ ಮೂಳೆಗಳು ಅರಮನೆಯ ನೆಲದಡಿ ಸಿಕ್ಕವು. 2000ದಲ್ಲಿ ಅವುಗಳಿಗೆ ವಿಧಿವತ್ತಾದ ಸಂಸ್ಕಾರ ನಡೆದಾಗ, ಅವು ಆತನವೆಂದು ಹೆಚ್ಚಿನ ರಾಸ್ತಫಾರಿಗಳು ಒಪ್ಪಲಿಲ್ಲ.

ಇದನ್ನು ಬರೀ ಮೂಢನಂಬಿಕೆ ಎಂದು ನಗುವ ಮೊದಲು ನಮ್ಮ ನೆಲದಲ್ಲೇ ಇರುವ ಆಫ್ರಿಕಾವನ್ನು ನೆನೆಯಬೇಕು. ಕುರ್ಲಾದ ದಕ್ಷಿಣಕ್ಕೆ ಸಯನ್ ಗುಡ್ಡದ ಮೇಲೆ ಇಂಗ್ಲಿಷರ ಹಳೆಯ ಕೋಟೆಯಿದೆ. ಕುರ್ಲಾ ಆಗ ಪೋರ್ಚುಗೀಸರ ಸಾಷ್ಟಿಯಲ್ಲಿತ್ತು, ಕೋಟೆಯಿಂದಾಚೆಗೆ ಇಂಗ್ಲಿಷರ ಮುಂಬಯಿ. 1689ರಲ್ಲಿ ಜಂಜೀರಾದ ಹಬ್ಶಿ ನಾಯಕ ಸಿದ್ದಿ ಯಾಕೂತ್ ಖಾನ್ ಆ ಮುಂಬಯಿಯ ಬಹುಭಾಗವನ್ನು ಹಿಡಿದು ವರ್ಷಕ್ಕೂ ಮಿಕ್ಕಿ ಕೂತಿದ್ದ. ಅವನನ್ನು ಎಬ್ಬಿಸಲು ಇಂಗ್ಲಿಷರು ಔರಂಗಜೇಬನ ಮುಂದೆ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತರು. 'ಹಬ್ಶಿ' ಎಂದರೆ ಅಬಿಸೀನಿಯಾದವ ಎಂದೇ ಅರ್ಥ.

ಅಧಿಕಾರ ಸಿಕ್ಕ ಸಿದ್ದಿಗಳ ಕಥೆ ಅದು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಆಗಿದ್ದಾರೆ. ಜಮೈಕಾದವರಂತೆ ಇವರೂ ಹಡಗಿನಲ್ಲಿ ಬಂದವರು, ಆದರೆ ದೂರದ ಚಕ್ರವರ್ತಿಯ ಕಡೆ ಕೈ ಮುಗಿಯಲಿಲ್ಲ. ಹಿರಿಯರ ಪೂಜೆ, ಡಮಾಮಿ ಎಂಬ ಚರ್ಮವಾದ್ಯದ ಕುಣಿತ ಅವರ ನೆನಪನ್ನು ಕಾಯ್ದವು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಬೇರು ಕಿತ್ತುಬಂದವರಿಗೆ ತಲೆಯೆತ್ತಿ ನಿಲ್ಲಲು ಏನಾದರೊಂದು ಆಸರೆ ಬೇಕು. ಇವರಿಗೆ ಅದು ಕಾಡು ಮತ್ತು ಹಿರಿಯರಲ್ಲಿ ಸಿಕ್ಕಿತು, ಜಮೈಕಾದವರಿಗೆ ಒಂದು ಫೋಟೋದಲ್ಲಿ.

ಹೈಲೆ ಸೆಲಾಸಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 2019ರಲ್ಲಿ ಅಡಿಸ್ ಅಬಾಬಾದ ಆಫ್ರಿಕನ್ ಒಕ್ಕೂಟದ ಆವರಣದಲ್ಲಿ ಆತನ ಪ್ರತಿಮೆ ನಿಂತಿತು. ಮರುವರ್ಷ ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆತನ ಪ್ರತಿಮೆಯನ್ನು, ಆತನ ಆಳ್ವಿಕೆಯಲ್ಲಿ ತಮ್ಮ ಜನ ತುಳಿತಕ್ಕೊಳಗಾದರೆಂಬ ಸಿಟ್ಟಿನ ಒರೊಮೊ ಪ್ರತಿಭಟನಕಾರರು ಪುಡಿ ಮಾಡಿದರು. ಎರಡೂ ಕಡೆಯವರ ಹತ್ತಿರ ಪುರಾವೆಗಳಿವೆ. ಕಿಂಗ್‌ಸ್ಟನ್ನಿನ ಬಡವ ಪಡೆದ ಧೈರ್ಯ ನಿಜ, ಆ ಧೈರ್ಯದಿಂದ ವೊಲ್ಲೊದ ರೈತನ ಸಾವು ವಜಾ ಆಗುವುದಿಲ್ಲ. ಆ ಫೋಟೋ ನೋಡಿ ಎದ್ದು ನಿಂತವರು ತಮ್ಮ ಕಾಲ ಮೇಲೆಯೇ ನಿಂತದ್ದು. ಅದರ ಪುಣ್ಯವನ್ನು ಚಕ್ರವರ್ತಿಯ ಖಾತೆಗೆ ಬರೆಯುವುದು ಅವರಿಗೇ ಮಾಡುವ ಅನ್ಯಾಯ.